ಹರಿಹರದವರೆಗೆ ಜೋರು, ಹುಬ್ಬಳ್ಳಿಯವರೆಗೆ ನಿಧಾನ

ನನ್ನ ಮನೆಯ ವ್ಯಾಯಾಮದ ಸೈಕಲ್ ಚಿತ್ರದುರ್ಗದಿಂದ ಬಂದದ್ದು. ಅಕ್ಕನ ಮನೆಯಲ್ಲಿ ಎರಡು ವರ್ಷ ಅದು ಬಟ್ಟೆ ಒಣಗಿಸುವ ಕೆಲಸ ಮಾಡಿಕೊಂಡಿತ್ತು. ಹ್ಯಾಂಡಲ್ ಮೇಲೆ ಭಾವನ ಪಂಚೆ, ಸೀಟಿನ ಮೇಲೆ ಇಸ್ತ್ರಿಗೆ ಕಾದಿರುವ ಬಟ್ಟೆಯ ಗಂಟು. ಓಡಾಡಲು ಅಡ್ಡ ಎಂದು ಅಕ್ಕ ಗೊಣಗಿದ್ದೇ ನೆಪವಾಗಿ, ದಾವಣಗೆರೆಗೆ ಹೊರಟಿದ್ದ ಲಗೇಜ್ ಗಾಡಿಯೊಂದರಲ್ಲಿ ಭಾವ ಅದನ್ನು ನನ್ನ ಮನೆಗೆ ಸಾಗಹಾಕಿದರು. "ನಿನಗೂ ಹೊಟ್ಟೆ ಬಂದಿದೆಯಲ್ಲಪ್ಪ, ತುಳಿ" ಎಂದು ಫೋನಿನಲ್ಲಿ ಒಂದು ಮಾತು ಹೇಳಿದ್ದರು, ಅಷ್ಟೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ವಯಸ್ಸು 46. ಹತ್ತೊಂಬತ್ತು ವರ್ಷದಿಂದ ಬೋರ್ಡಿನ ಮೇಲೆ, ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯದ ಚಿತ್ರ ಬರೆಯುತ್ತಿದ್ದೇನೆ. ನನ್ನ ತೊಡೆಯೊಳಗಿರುವ ಮೈಟೊಕಾಂಡ್ರಿಯದ ಬಗ್ಗೆ ಯೋಚಿಸಿದ್ದು ಮಾತ್ರ ಆ ಸೈಕಲ್ ಬಂದ ಮೇಲೆ.

ಮೊದಲ ದಿನ ಮೊಬೈಲಿನಲ್ಲಿ ಇಂಟರ್ವಲ್ ವ್ಯಾಯಾಮದ ಒಂದು ವಿಡಿಯೊ ನೋಡಿದೆ. 20 ಸೆಕೆಂಡ್ ಮೈಯೆಲ್ಲ ಶಕ್ತಿ ಹಾಕಿ ತುಳಿಯುವುದು, 10 ಸೆಕೆಂಡ್ ವಿಶ್ರಾಂತಿ, ಹೀಗೆ ಎಂಟು ಸಲ. ನಾಲ್ಕೇ ನಿಮಿಷದಲ್ಲಿ ಕೊಬ್ಬು ಕರಗುತ್ತದೆ ಎಂದು ಅದರಲ್ಲಿದ್ದ ಹುಡುಗ ನಗುನಗುತ್ತ ಹೇಳಿದ. ಐದನೇ ಸಲಕ್ಕೆ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಥಟ್ಟನೆ ನಿಲ್ಲಿಸಿ ಕೆಳಗಿಳಿದೆ. ಗೋಡೆಯ ಕ್ಯಾಲೆಂಡರ್ ಓರೆಯಾಯಿತು. ನೆಲದ ಮೇಲೆ ಕುಳಿತುಬಿಟ್ಟೆ. ಮಜ್ಜಿಗೆಯ ಲೋಟ ಹಿಡಿದು ನಿಂತ ಹೆಂಡತಿ, "ಇದು ತೂಕ ಇಳಿಸುವ ಯಂತ್ರವೋ, ನಿಮ್ಮನ್ನೇ ಇಳಿಸುವ ಯಂತ್ರವೋ?" ಎಂದಳು.

ಸೈಕಲ್‌ದೇನೂ ತಪ್ಪಿರಲಿಲ್ಲ. ತಪ್ಪು ನಾನು ಅಡುಗೆಯ ಕ್ರಮವನ್ನೇ ತಿಳಿಯದೆ ಒಲೆ ಹಚ್ಚಿದ್ದು.

ಇಂಟರ್ವಲ್ ಎಂದರೆ ಬಿಡುವು

ಇಂಟರ್ವಲ್ ಎಂಬ ಪದ ನಮಗೆ ಸಿನಿಮಾ ಮಂದಿರದಿಂದ ಪರಿಚಯ. ಪರದೆಯ ಮೇಲೆ ಕಥೆ ನಿಂತು, ಜನ ಎದ್ದು ಹೊರಗೆ ಹೋಗಿ ಕಡಲೆಕಾಯಿ ಕೊಳ್ಳುವ ಹೊತ್ತು ಅದು. ವ್ಯಾಯಾಮದಲ್ಲಿ ಇಂಟರ್ವಲ್ ಎಂದೊಡನೆ ಎಲ್ಲರಿಗೂ ಜೋರಾಗಿ ತುಳಿಯುವ ಭಾಗವೇ ಕಣ್ಣಿಗೆ ಬರುತ್ತದೆ. ಆದರೆ ಹೆಸರು ಬಂದದ್ದು ಬಿಡುವಿನಿಂದಲೇ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಓಟಗಾರರಿಗೆ ಈ ಕ್ರಮವನ್ನು ರೂಪಿಸಿದರು. ಎರಡು ಓಟಗಳ ನಡುವಿನ ಬಿಡುವಿನಲ್ಲಿಯೇ ಹೃದಯ ಬಲಗೊಳ್ಳುತ್ತದೆ ಎಂಬುದು ಅವರ ನಂಬಿಕೆ. ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ. ಆಮೇಲೆ ಬಂದ ಜೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ 400 ಮೀಟರಿನ ಸುತ್ತುಗಳನ್ನು ದಿನಕ್ಕೆ ಹತ್ತಾರು ಸಲ, ನಡುವೆ ನಿಧಾನವಾಗಿ ಓಡುತ್ತ, ಅಭ್ಯಾಸ ಮಾಡುತ್ತಿದ್ದ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಅವನಿಗೇ ಚಿನ್ನ.

ಬಿಡುವಿನಲ್ಲಿಯೇ ಎಲ್ಲವೂ ಆಗುತ್ತದೆ ಎಂಬ ಆ ನಂಬಿಕೆಯನ್ನು ಈಗ ಯಾರೂ ಪೂರ್ತಿ ಒಪ್ಪುವುದಿಲ್ಲ. ಆದರೂ ಬಿಡುವಿಗೆ ಇರುವ ಬೆಲೆ ಕಡಿಮೆಯಾಗಿಲ್ಲ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಒಂದಿಷ್ಟು ಮೆಟ್ಟಿಲು, ಆಮೇಲೆ ಒಂದು ಬಾಗಿಲು, ಬಾಗಿಲು ದಾಟಿದರೆ ಸ್ವಲ್ಪ ಸಮತಟ್ಟು, ಮತ್ತೆ ಏರು. ಮೆಟ್ಟಿಲಿನಲ್ಲಿ ಏದುಸಿರು ಬಂದರೂ ಸಮತಟ್ಟಿನಲ್ಲಿ ನಡೆಯುತ್ತ ನಡೆಯುತ್ತ ಉಸಿರು ಹಿಡಿತಕ್ಕೆ ಬರುತ್ತದೆ, ಮುಂದಿನ ಏರಿಗೆ ಕಾಲು ತಯಾರಾಗುತ್ತದೆ. ಕೆಳಗಿನಿಂದ ತುಪ್ಪದ ಕೊಳದವರೆಗೆ ಒಂದೇ ಏರು ಇದ್ದಿದ್ದರೆ ನಮ್ಮಂಥವರು ಅರ್ಧಕ್ಕೇ ಕುಳಿತುಬಿಡುತ್ತಿದ್ದೆವು. ಬಿಡಿಬಿಡಿಯಾಗಿ ಇರುವುದರಿಂದಲೇ ಒಟ್ಟು ಅಷ್ಟೊಂದು ಏರನ್ನು ನಮ್ಮ ಕಾಲು ಏರಿಬಿಡುತ್ತದೆ.

ಇಂಟರ್ವಲ್‌ನ ಗುಟ್ಟೂ ಇದೇ. ಒಬ್ಬರು ಬಿಗಿಯಾದ ತುಳಿತವನ್ನು ಒಂದೇ ಸಮನೆ ನಾಲ್ಕು ನಿಮಿಷ ತಾಳಬಲ್ಲರು ಎಂದಿಟ್ಟುಕೊಳ್ಳಿ. ಅದನ್ನೇ ಒಂದು ನಿಮಿಷ ಜೋರು, ಒಂದು ನಿಮಿಷ ಹಗುರ ಎಂದು ಕತ್ತರಿಸಿದರೆ, ಒಟ್ಟು ಎಂಟು ನಿಮಿಷದ ಜೋರು ತುಳಿತವನ್ನು ಸುಧಾರಿಸಿಕೊಂಡು ಮುಗಿಸಬಹುದು. ಹೃದಯಕ್ಕೂ ಸ್ನಾಯುವಿಗೂ ಸಿಗುವ ಕಸರತ್ತು ಆ ಎಂಟು ನಿಮಿಷದ್ದು. ಹಗುರವಾಗಬೇಕಾದ ಹೊತ್ತಿನಲ್ಲಿ ಹಗುರವಾಗದವನಿಗೆ ಈ ಲಾಭ ದಕ್ಕುವುದಿಲ್ಲ. ಅವನು ಜೋರಿನ ಹೊತ್ತಿನಲ್ಲೂ ಮಧ್ಯಮದಲ್ಲೇ ಏಗುತ್ತಿರುತ್ತಾನೆ. ಹೊಸಬರಲ್ಲಿ ನಾನು ಕಂಡ ದೊಡ್ಡ ತಪ್ಪು ಇದೇ. ಜೋರಾಗಿ ತುಳಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಿಧಾನವಾಗುವುದನ್ನು ಕಲಿಯಬೇಕು.

ಕಿಸೆ, ಗಲ್ಲಾ, ಬ್ಯಾಂಕು

ತುಳಿಯಲು ಆರಂಭಿಸಿದಾಗ ಒಳಗೆ ಆಗುವುದೇನು? ದಾವಣಗೆರೆ ವ್ಯಾಪಾರದ ಊರಾದ್ದರಿಂದ ಅಂಗಡಿಯ ಲೆಕ್ಕದಲ್ಲೇ ಹೇಳುತ್ತೇನೆ. ಸ್ನಾಯುವಿಗೆ ಹಣ ಬರುವ ದಾರಿ ಮೂರು. ಮೊದಲನೆಯದು ಕಿಸೆಯ ಚಿಲ್ಲರೆ: ಫಾಸ್ಫೊಕ್ರಿಯಾಟಿನ್ ಎಂಬ ಸಂಗ್ರಹ. ತಕ್ಷಣ ಸಿಗುತ್ತದೆ, ಆದರೆ ಪೂರ್ತಿ ಜೋರಿನಲ್ಲಿ ಸುಮಾರು ಹತ್ತು ಸೆಕೆಂಡಿಗೆ ಬರಿದಾಗುತ್ತ ಬರುತ್ತದೆ. ಎರಡನೆಯದು ಗಲ್ಲಾಪೆಟ್ಟಿಗೆ: ಸ್ನಾಯುವಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ. ಆಮ್ಲಜನಕ ಸಾಲದಿದ್ದರೂ ಇದನ್ನು ಒಡೆದು ಶಕ್ತಿ ತೆಗೆಯಬಹುದು, ಆಗ ಲ್ಯಾಕ್ಟೇಟ್ ಎಂಬ ಉಪವಸ್ತು ಹುಟ್ಟುತ್ತದೆ. ಮೂರನೆಯದು ಬ್ಯಾಂಕಿನ ಠೇವಣಿ: ಕೊಬ್ಬು. ಅಲ್ಲಿರುವ ಹಣಕ್ಕೆ ಲೆಕ್ಕವಿಲ್ಲ, ಆದರೆ ಚೀಟಿ ಬರೆದು ಸಾಲಿನಲ್ಲಿ ನಿಲ್ಲಬೇಕು. ಆಮ್ಲಜನಕ ಧಾರಾಳವಾಗಿ ಬಂದರೆ ಮಾತ್ರ ಆ ಕಿಟಕಿ ತೆರೆಯುತ್ತದೆ.

ಆಮ್ಲಜನಕದ ವ್ಯವಸ್ಥೆಗೆ ಬೇಡಿಕೆಯ ಮಟ್ಟಕ್ಕೆ ಏರಲು ಒಂದೆರಡು ನಿಮಿಷ ಬೇಕು. ಅದಕ್ಕೇ ಜೋರು ತುಳಿತದ ಮೊದಲ ಕ್ಷಣಗಳು ಕಿಸೆ ಮತ್ತು ಗಲ್ಲಾದ ಮೇಲೆ ನಡೆಯುತ್ತವೆ. ಹಗುರವಾದಾಗ ಉಸಿರು ತಕ್ಷಣ ಇಳಿಯುವುದಿಲ್ಲ, ಹೃದಯ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ದೇಹ ಕಿಸೆಯನ್ನು ಮತ್ತೆ ತುಂಬಿಸುತ್ತಿದೆ. ಅರ್ಧ ನಿಮಿಷದಲ್ಲಿ ಸುಮಾರು ಅರ್ಧ ತುಂಬುತ್ತದೆ, ಪೂರ್ತಿಗೆ ಇನ್ನೂ ಕೆಲವು ನಿಮಿಷ. 10 ಸೆಕೆಂಡಿನ ಬಿಡುವಿನಲ್ಲಿ ನನ್ನ ಕಿಸೆಗೆ ಹೆಚ್ಚೇನೂ ಬೀಳಲಿಲ್ಲ. ಐದನೇ ಸಲಕ್ಕೆ ನಾನು ದಿವಾಳಿಯಾದದ್ದು ಹೀಗೆ.

ಈ 20–10ರ ಲೆಕ್ಕದ ಮೂಲ ಜಪಾನಿನ ಇಜುಮಿ ಟಬಾಟ ಅವರ 1996ರ ಪ್ರಬಂಧ. ಆ ಪ್ರಯೋಗದಲ್ಲಿ ತುಳಿದವರು ಗಟ್ಟಿಮುಟ್ಟಾದ ಕ್ರೀಡಾ ವಿದ್ಯಾರ್ಥಿಗಳು. ದೇಹ ಆಮ್ಲಜನಕವನ್ನು ಬಳಸಬಲ್ಲ ಗರಿಷ್ಠ ಮಟ್ಟಕ್ಕಿಂತ ಶೇ 70ರಷ್ಟು ಹೆಚ್ಚಿನ ಹೊರೆ. ಏಳೆಂಟು ಸುತ್ತಿಗೆ ಅವರೇ ಸುಸ್ತಾಗಿ ನಿಲ್ಲಬೇಕಿತ್ತು, ಪ್ರಯೋಗದ ಉದ್ದೇಶವೇ ಅದು. ಆರು ವಾರದ ಕೊನೆಗೆ ಅಳೆದದ್ದು ಅವರ ದಮ್ಮು ಎಷ್ಟು ಹೆಚ್ಚಿತು ಎಂಬುದನ್ನು, ತೂಕ ಎಷ್ಟು ಇಳಿಯಿತು ಎಂಬುದನ್ನಲ್ಲ. ಆ ಹೆಸರಿನಲ್ಲಿ ಈಗ ಮಾರಾಟವಾಗುವ ನಾಲ್ಕು ನಿಮಿಷದ ಮಾಯೆಗಳಿಗೂ ಆ ಪ್ರಬಂಧಕ್ಕೂ ಇರುವ ಸಂಬಂಧ, ದೋಸೆಯ ಹೋಟೆಲಿನ ಬೋರ್ಡಿಗೂ ದೋಸೆಗೂ ಇರುವಷ್ಟೇ.

ನಮ್ಮಂಥ ಕುಳಿತು ಕೆಲಸ ಮಾಡುವವರಿಗೆ ಹತ್ತಿರವಾದದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲ ಮತ್ತು ಸಂಗಡಿಗರು ಮಾಡಿದ ಕೆಲಸ. ಒಂದು ನಿಮಿಷ ಜೋರು, ಒಂದು ನಿಮಿಷ ಹಗುರ, ಹತ್ತು ಸಲ; ಸೈಕಲ್ ಮೇಲೆಯೇ. ಎರಡನೇ ಬಗೆಯ ಮಧುಮೇಹ ಇರುವವರಲ್ಲೂ ಈ ಕ್ರಮವನ್ನು ಪರೀಕ್ಷಿಸಿದಾಗ ಎರಡು ವಾರದಲ್ಲಿ ದಿನದ ಸಕ್ಕರೆಯ ಸರಾಸರಿ ಇಳಿದಿತ್ತು. 2016ರಲ್ಲಿ ಅದೇ ತಂಡ ವ್ಯಾಯಾಮವಿಲ್ಲದೆ ಕುಳಿತಿದ್ದ ಗಂಡಸರನ್ನು ತೆಗೆದುಕೊಂಡು 12 ವಾರ ತುಳಿಸಿತು. ಒಂದು ಗುಂಪು ಪ್ರತಿ ಸಲ 45 ನಿಮಿಷ ಒಂದೇ ಸಮನೆ ತುಳಿಯಿತು. ಇನ್ನೊಂದು ಗುಂಪಿನದು ಒಟ್ಟು 10 ನಿಮಿಷ, ಅದರೊಳಗೆ 20 ಸೆಕೆಂಡಿನ ಮೂರು ಜೋರು ತುಳಿತ. ಎರಡೂ ಗುಂಪಿನಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಶೇ 19ರಷ್ಟು ಏರಿತ್ತು. ಇಂಟರ್ವಲ್‌ನ ನಿಜವಾದ ವರ ಇಲ್ಲಿದೆ: ಕಡಿಮೆ ಹೊತ್ತಿನಲ್ಲಿ ಹೃದಯ ಮತ್ತು ಸ್ನಾಯು ಚುರುಕಾಗುವುದು, ಮೈಟೊಕಾಂಡ್ರಿಯ ಹೆಚ್ಚುವುದು. ಬೆಳಗಿನ ಪ್ರಾರ್ಥನೆಯ ಗಂಟೆಗೆ ಮೊದಲು ಶಾಲೆ ಸೇರಬೇಕಾದ ನನ್ನಂಥವನಿಗೆ ಉಳಿಯುವ ಅರ್ಧ ಗಂಟೆ ದೊಡ್ಡ ಆಸ್ತಿ.

ಬೆಣ್ಣೆಯ ಲೆಕ್ಕ

ಇನ್ನು ತೂಕ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತನಾಡಬೇಕು.

70 ಕೆ.ಜಿ. ತೂಗುವವರು 20 ನಿಮಿಷದ ಇಂಟರ್ವಲ್ ಮಾಡಿದರೆ, ಹಗುರದ ಹೊತ್ತೂ ಸೇರಿ, ಸುಮಾರು 160 ಕ್ಯಾಲೊರಿ ಖರ್ಚಾಗುತ್ತದೆ. ಬೆಣ್ಣೆ 20 ಗ್ರಾಂ ತೆಗೆದುಕೊಳ್ಳಿ, ಅದರಲ್ಲಿ ಸುಮಾರು 145 ಕ್ಯಾಲೊರಿ. ಅಂದರೆ ಬೆವರು ಸುರಿಸಿ ತುಳಿದದ್ದು ಬೆಣ್ಣೆ ದೋಸೆಯ ಮೇಲೆ ಹಾಕಿದ ಬೆಣ್ಣೆಯ ಉಂಡೆಗೆ ಸರಿಹೋಯಿತು. ಕೆಳಗಿನ ದೋಸೆ, ಪಲ್ಯ, ಕಾವಲಿಗೆ ಸವರಿದ್ದು ಇವೆಲ್ಲ ಬಾಕಿ. ದಾವಣಗೆರೆಯಲ್ಲಿ ಇದನ್ನು ಬರೆಯುವುದು ಊರದ್ರೋಹವೇ ಸರಿ, ಆದರೆ ಲೆಕ್ಕ ಲೆಕ್ಕವೇ.

ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ವಾರಕ್ಕೆ ಮೂರು ಸಲ ತುಳಿದರೆ 480. ಊಟ ಒಂದಿಷ್ಟೂ ಬದಲಾಗದಿದ್ದರೆ ಒಂದು ಕೆ.ಜಿ. ಇಳಿಯಲು 16 ವಾರ. ಅದೇ ದಿನದ ಊಟದಲ್ಲಿ 250 ಕ್ಯಾಲೊರಿ ಕಡಿಮೆ ಮಾಡಿದರೆ ಒಂದು ತಿಂಗಳು. ಇದೂ ಕಾಗದದ ಲೆಕ್ಕ. ತೂಕ ಇಳಿದಂತೆ ದೇಹ ಖರ್ಚನ್ನೂ ಬಿಗಿಹಿಡಿಯುವುದರಿಂದ ವಾಸ್ತವದಲ್ಲಿ ಇಳಿಕೆ ಇದಕ್ಕಿಂತ ನಿಧಾನ. 250 ಎಂದರೆ ಹಸಿವಿನಿಂದ ಇರುವುದೇನೂ ಅಲ್ಲ. ನನ್ನ ಮಟ್ಟಿಗೆ ಅದು ಸಂಜೆಯ ಮೆಣಸಿನಕಾಯಿ ಬಜ್ಜಿ ಮತ್ತು ದಿನದ ನಾಲ್ಕು ಚಹಾದಲ್ಲಿನ ಸಕ್ಕರೆ. ಮಂಡಕ್ಕಿ ಬಿಡಲಿಲ್ಲ. ಮಂಡಕ್ಕಿ ಹಗುರ, ಪಾಪ. ಅದರ ಜೊತೆಗೆ ಬರುವ ಎಣ್ಣೆಯ ನೆಂಟರೇ ಭಾರ.

"ವ್ಯಾಯಾಮ ನಿಲ್ಲಿಸಿದ ಮೇಲೂ 24 ಗಂಟೆ ಕೊಬ್ಬು ಉರಿಯುತ್ತಿರುತ್ತದೆ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದರಲ್ಲಿ ಒಂದೆಳೆ ಸತ್ಯವಿದೆ. ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ತೆಗೆದ ಮೇಲೂ ಮರಳು ಬಿಸಿಯಾಗಿಯೇ ಇರುತ್ತದೆ. ಹಾಗೆಯೇ ಜೋರು ವ್ಯಾಯಾಮದ ನಂತರ ದೇಹ ಕೆಲಹೊತ್ತು ಹೆಚ್ಚು ಆಮ್ಲಜನಕ ಬಳಸುತ್ತದೆ, ಕಿಸೆ ತುಂಬಿಸುತ್ತದೆ, ಮೈ ತಂಪು ಮಾಡಿಕೊಳ್ಳುತ್ತದೆ. ಆದರೆ ಆ ಉಳಿದ ಬಿಸಿಯಲ್ಲಿ ಮತ್ತೊಂದು ಚೀಲ ಮಂಡಕ್ಕಿ ಹುರಿಯುತ್ತೇನೆಂದು ಯಾವ ಭಟ್ಟಿಯವರೂ ಹೇಳುವುದಿಲ್ಲ. ಇಲ್ಲೂ ಹೆಚ್ಚುವರಿ ಖರ್ಚು ಬಹಳ ಸಣ್ಣದು. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದವರು ಕಂಡದ್ದೂ ಇಷ್ಟೆ: ಕೊಬ್ಬು ಇಳಿಸುವುದರಲ್ಲಿ ಇಂಟರ್ವಲ್ಲೂ ಒಂದೇ ಸಮನೆಯ ವ್ಯಾಯಾಮವೂ ಹೆಚ್ಚುಕಡಿಮೆ ಸರಿಸಮ.

ಇದಕ್ಕೆ ಎದುರಾಗಿ "ನಿಧಾನವಾಗಿ ತುಳಿದರೇ ಕೊಬ್ಬು ಉರಿಯುತ್ತದೆ" ಎಂಬ ಪಕ್ಷವೂ ಇದೆ. ನಿಧಾನದಲ್ಲಿ ಖರ್ಚಿನ ಹೆಚ್ಚಿನ ಪಾಲು ಬ್ಯಾಂಕಿನಿಂದ ಬರುವುದು ನಿಜ, ಜೋರಿನಲ್ಲಿ ಗಲ್ಲಾದಿಂದ ಬರುವುದೂ ನಿಜ. ಆದರೆ ದಿನದ ಕೊನೆಗೆ ಅಂಗಡಿಯಲ್ಲಿ ಮಾಡುವುದೇನು? ಖಾಲಿಯಾದ ಗಲ್ಲಾಕ್ಕೆ ಬೇರೆ ಕಡೆಯಿಂದ ಹಣ ತಂದು ಹಾಕುತ್ತಾರೆ. ಇಡೀ ದಿನದ ಜಮಾ-ಖರ್ಚು ನೋಡಬೇಕೇ ಹೊರತು ಯಾವ ಪೆಟ್ಟಿಗೆಯಿಂದ ಎಷ್ಟು ತೆಗೆದಿರಿ ಎಂಬುದಕ್ಕೆ ಅರ್ಥವಿಲ್ಲ. ಹೊಟ್ಟೆಯ ಕೊಬ್ಬೇ ಮೊದಲು ಕರಗಲಿ ಎಂದು ದೇಹಕ್ಕೆ ಆಜ್ಞೆ ಮಾಡಲೂ ಬರುವುದಿಲ್ಲ. ಇನ್ನು ಸೈಕಲ್‌ನ ಪುಟ್ಟ ಪರದೆಯಲ್ಲಿ ತೋರಿಸುವ ಕ್ಯಾಲೊರಿ. ನನ್ನದು ತುಳಿಯುವವನ ತೂಕವನ್ನೇ ಕೇಳುವುದಿಲ್ಲ. ಕೇಳದೆ ಹೇಳುವ ಲೆಕ್ಕವನ್ನು ನಂಬಿ ದೋಸೆ ತಿನ್ನಬೇಡಿ.

ಸೀಟು ಮೊದಲು

ಮನೆಯ ಸೈಕಲ್‌ಗಳಲ್ಲಿ ಹೊರೆ ಕೊಡುವ ಬಗೆ ಬೇರೆಬೇರೆ. ಕೆಲವದರಲ್ಲಿ ಚಕ್ರಕ್ಕೆ ಉಣ್ಣೆಯ ಪಟ್ಟಿ ಒತ್ತುತ್ತದೆ, ಕೆಲವದರಲ್ಲಿ ಅಯಸ್ಕಾಂತ, ಇನ್ನು ಕೆಲವದರಲ್ಲಿ ಫ್ಯಾನಿನ ರೆಕ್ಕೆ ಗಾಳಿಯನ್ನು ದೂಡುತ್ತದೆ. ಜಿಮ್‌ನ ಸ್ಪಿನ್ ಸೈಕಲ್‌ನಲ್ಲಿ ಭಾರದ ಚಕ್ರ ಪೆಡಲಿಗೆ ನೇರ ಕೂಡಿಕೊಂಡಿರುತ್ತದೆ. ನೀವು ತುಳಿಯುವುದು ನಿಲ್ಲಿಸಿದರೂ ಪೆಡಲ್ ತಿರುಗುತ್ತಲೇ ಇರುತ್ತದೆ, ಬೀದಿಯ ಸೈಕಲ್‌ನಂತೆ ಸುಮ್ಮನಾಗುವುದಿಲ್ಲ. ಅಂಥದರಲ್ಲಿ ಹೊರೆಯ ಗುಂಡಿಯನ್ನು ಕೆಳಗೆ ಒತ್ತಿ ನಿಲ್ಲಿಸುವುದನ್ನು ಮೊದಲೇ ಕಲಿತಿರಬೇಕು.

ಸೀಟಿನ ಎತ್ತರವನ್ನು ಲಘುವಾಗಿ ಕಾಣಬೇಡಿ. ಮಂಡಿ ನೋವೆಂದು ಸೈಕಲ್ ಬಿಟ್ಟವರ ಮನೆಗೆ ಹೋಗಿ ನೋಡಿದರೆ ಸೀಟು ತಗ್ಗಿನಲ್ಲಿರುತ್ತದೆ. ಸೈಕಲ್ ಪಕ್ಕದಲ್ಲಿ ನಿಂತಾಗ ಸೀಟು ಸೊಂಟದ ಮೂಳೆಯ ಮಟ್ಟಕ್ಕೆ ಬರಲಿ, ಅಲ್ಲಿಂದ ಆರಂಭ. ಆಮೇಲೆ ಹತ್ತಿ ಕುಳಿತು, ಪೆಡಲ್ ಅತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಈಗ ಪಾದದ ಮುಂಭಾಗವನ್ನು ಪೆಡಲ್ ಮೇಲೆ ತಂದರೆ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ. 25ರಿಂದ 35 ಡಿಗ್ರಿ ಬಾಗಿದರೆ ಸರಿ. ನನ್ನ ಸೀಟಿನ ಕೊಳವೆಯಲ್ಲಿ ಒಂಬತ್ತು ರಂಧ್ರಗಳಿವೆ. ಭಾವ ನನಗಿಂತ ಎತ್ತರ, ಆದರೂ ಸೀಟು ಬಂದಾಗ ಮೂರನೆಯದರಲ್ಲಿತ್ತು. ನನಗೆ ಸರಿಹೋದದ್ದು ಆರನೆಯದು. ಮನೆಯಲ್ಲಿ ಇಬ್ಬರು ತುಳಿಯುವುದಾದರೆ ಕೊಳವೆಯ ಮೇಲೆ ಬಣ್ಣದ ಟೇಪಿನ ಗುರುತು ಹಾಕಿ, ಜಗಳ ಕಡಿಮೆ.

ಮನೆಯ ಹಗುರ ಸೈಕಲ್ ಮೇಲೆ ಎದ್ದು ನಿಂತು ತುಳಿಯಬೇಡಿ, ಅದು ಓಲಾಡುತ್ತದೆ. ಹೊರೆಯೇ ಇಲ್ಲದೆ ಗಿರಗಿರನೆ ತಿರುಗಿಸುವುದೂ ಬೇಡ. ಪೃಷ್ಠ ಸೀಟಿನ ಮೇಲೆ ಕುಪ್ಪಳಿಸುತ್ತಿದ್ದರೆ ಹೊರೆ ಕಡಿಮೆ ಎಂದೇ ಅರ್ಥ. ನಿಮಿಷಕ್ಕೆ 80–90 ಸುತ್ತು ಜೋರಿಗೆ, 60–65 ಹಗುರಕ್ಕೆ. ಒಂದು ಸಣ್ಣ ಉಪಾಯ: ಗುಂಡಿ ತಿರುಗಿಸಲು ಎರಡು ಮೂರು ಸೆಕೆಂಡ್ ಹಿಡಿಯುತ್ತದೆ, 30 ಸೆಕೆಂಡಿನ ಆಟದಲ್ಲಿ ಅದೇ ಒಂದು ಕಿರಿಕಿರಿ. ಆದ್ದರಿಂದ ಮೊದಮೊದಲು ಹೊರೆಯನ್ನು ಒಂದೇ ಕಡೆ ಇಟ್ಟು, ಕಾಲಿನ ವೇಗವನ್ನಷ್ಟೇ ಏರಿಸಿ ಇಳಿಸಿ.

ಕಂಡಕ್ಟರನ ಪರೀಕ್ಷೆ

ಜೋರು ಎಂದರೆ ಎಷ್ಟು ಜೋರು? ಪುಸ್ತಕದ ಉತ್ತರ ಹೃದಯ ಬಡಿತದ್ದು. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಸೂತ್ರ ಎಲ್ಲರಿಗೂ ಗೊತ್ತು. 208ರಿಂದ ವಯಸ್ಸಿನ ಶೇ 70ನ್ನು ಕಳೆಯುವ ಇನ್ನೊಂದು ಸೂತ್ರವಿದೆ, ವಯಸ್ಸಾದವರಿಗೆ ಅದೇ ಹತ್ತಿರ. ನನಗೆ ಎರಡೂ 175ರ ಆಸುಪಾಸು. 65ರವರಿಗೆ ಮೊದಲನೆಯದು 155 ಎನ್ನುತ್ತದೆ, ಎರಡನೆಯದು 162. ಎರಡೂ ಸರಾಸರಿಗಳು, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಮೇಲಾಗಿ 30 ಸೆಕೆಂಡಿನ ತುಳಿತದಲ್ಲಿ ಬಡಿತ ಏರುವಷ್ಟರಲ್ಲಿ ತುಳಿತವೇ ಮುಗಿದಿರುತ್ತದೆ.

ಆದ್ದರಿಂದ ಆರಂಭದವರಿಗೆ ಮಾತಿನ ಪರೀಕ್ಷೆಯೇ ಒಳ್ಳೆಯದು. ನಾನು ಬಳಸುವುದು ನಮ್ಮ ಬಸ್ ನಿಲ್ದಾಣದಲ್ಲಿ ದಿನಾ ಕೇಳುವ ಕೂಗು: "ಹರಿಹರ, ರಾಣೆಬೆನ್ನೂರು, ಹಾವೇರಿ, ಶಿಗ್ಗಾವಿ, ಹುಬ್ಬಳ್ಳಿ!" ಹಗುರದ ಹೊತ್ತಿನ ಕೊನೆಗೆ ಇದನ್ನು ಒಂದೇ ಉಸಿರಿಗೆ ಹುಬ್ಬಳ್ಳಿಯವರೆಗೆ ಹೇಳಲು ಬರಬೇಕು. ಜೋರಿನ ಹೊತ್ತಿನ ಕೊನೆಗೆ ಹರಿಹರ ಎಂದು, ಉಸಿರೆಳೆದು, ಆಮೇಲೆ ರಾಣೆಬೆನ್ನೂರು ಎನ್ನುವಂತಾದರೆ ಹದ ಸರಿಯಾಗಿದೆ. ಹರಿಹರವೂ ಬಾಯಿಂದ ಹೊರಡದಿದ್ದರೆ ಅತಿಯಾಯಿತು. ಜೋರಿನಲ್ಲೂ ಹಾವೇರಿ ದಾಟುತ್ತಿದ್ದರೆ ನೀವು ಮೈಗಳ್ಳತನ ಮಾಡುತ್ತಿದ್ದೀರಿ. ಹಗುರದ ನಂತರವೂ ಹಾವೇರಿಯಲ್ಲೇ ಉಸಿರು ಮುರಿದರೆ, ಗಡಿಯಾರ ಏನೇ ಹೇಳಲಿ, ಮುಂದಿನ ಜೋರು ಶುರು ಮಾಡಬೇಡಿ. ಇನ್ನರ್ಧ ನಿಮಿಷ ಹಗುರವಾಗಿಯೇ ಇರಿ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದಾದರೆ ಹಗುರಕ್ಕೆ 3, ಜೋರಿಗೆ 7. ಹತ್ತು ಎಂಬುದು ನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಇಟ್ಟುಕೊಂಡಿರುವ ಅಂಕ.

ಮೊದಲ ಎರಡು ವಾರ ಇಂಟರ್ವಲ್ ಬೇಡವೇ ಬೇಡ. ವಾರಕ್ಕೆ ಮೂರು ನಾಲ್ಕು ದಿನ, 15–20 ನಿಮಿಷ, ಹುಬ್ಬಳ್ಳಿಯವರೆಗೆ ಹೇಳಲು ಬರುವ ವೇಗದಲ್ಲಿ ತುಳಿಯಿರಿ. ಕಾಲು, ಸೀಟು, ಉಸಿರು ಪರಸ್ಪರ ಪರಿಚಯ ಮಾಡಿಕೊಳ್ಳಲಿ. ಮೂರನೇ ವಾರದಿಂದ ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನ ಬಿಟ್ಟು, ಹೀಗೆ: 5 ನಿಮಿಷ ಹಗುರ, ಅದರ ಕೊನೆಗೆ ಸ್ವಲ್ಪ ಬಿಸಿ. ಆಮೇಲೆ 30 ಸೆಕೆಂಡ್ ಜೋರು, 90 ಸೆಕೆಂಡ್ ಹಗುರ, ಆರು ಸಲ. ಕೊನೆಗೆ 4–5 ನಿಮಿಷ ಹಗುರ. ಒಟ್ಟು 22 ನಿಮಿಷದ ಒಳಗೆ ಮುಗಿಯಿತು, ಅದರಲ್ಲಿ ಜೋರು ಮೂರೇ ನಿಮಿಷ. ಆರನೇ ಸಲವೂ ಮೊದಲನೆಯ ಸಲದಷ್ಟೇ ಜೋರಾಗಿರಬೇಕು. ಮೊದಲನೆಯದರಲ್ಲಿ ಮೆರೆದು ನಾಲ್ಕನೆಯದರಲ್ಲಿ ಸೊರಗಿದರೆ, ಮುಂದಿನ ಸಲ ಮೊದಲನೆಯದನ್ನು ತಗ್ಗಿಸಿ.

ಎರಡು ವಾರಕ್ಕೊಮ್ಮೆ ಒಂದೇ ಒಂದು ಅಂಶ ಬದಲಿಸಿ. ಆರು ಇದ್ದದ್ದು ಎಂಟು ಸಲವಾಗಲಿ. ಆಮೇಲೆ ಜೋರು 45 ಸೆಕೆಂಡಾಗಲಿ, ಆಮೇಲೆ ಒಂದು ನಿಮಿಷ, ಬಿಡುವು ಆಗಲೂ 90 ಸೆಕೆಂಡೇ. ಬಿಡುವನ್ನು ಕತ್ತರಿಸುವುದು ಎಲ್ಲಕ್ಕಿಂತ ಕೊನೆಗೆ. ಮೂರು ತಿಂಗಳ ಹೊತ್ತಿಗೆ ಒಂದು ನಿಮಿಷ ಜೋರು, ಒಂದು ನಿಮಿಷ ಹಗುರ ಎಂಬಲ್ಲಿಗೆ ತಲುಪಿದರೆ ಚೆನ್ನಾಯಿತು, ತಲುಪದಿದ್ದರೆ ಯಾರೂ ಫೇಲು ಮಾಡುವುದಿಲ್ಲ. ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಇಂಟರ್ವಲ್ ಬೇಡ. ಉಳಿದ ದಿನ ಕುಂದುವಾಡ ಕೆರೆಯ ಏರಿ ಇದೆ, ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ ಅಥವಾ 75 ನಿಮಿಷದ ಜೋರು ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಹೇಳುತ್ತದೆ. ಸೈಕಲ್ ಒಂದರಿಂದ ಇದೆಲ್ಲ ಆಗದು. ಮಾಂಸಖಂಡ ಕರಗದೆ ಕೊಬ್ಬು ಮಾತ್ರ ಇಳಿಯಬೇಕಾದರೆ ಗರಡಿಯ ಬೈಠಕ್-ದಂಡದಂಥದ್ದೂ ಸ್ವಲ್ಪ ಬೇಕು.

ಕೊನೆಯ ಹಗುರದ ನಿಮಿಷಗಳನ್ನು ಹಾರಿಸಬೇಡಿ. ಜೋರಾಗಿ ತುಳಿಯುವಾಗ ಕಾಲಿನ ರಕ್ತನಾಳಗಳು ಅಗಲವಾಗಿರುತ್ತವೆ, ಸ್ನಾಯುಗಳ ಹಿಂಡುವಿಕೆಯೇ ರಕ್ತವನ್ನು ಮೇಲಕ್ಕೆ ಹೃದಯಕ್ಕೆ ತಳ್ಳುತ್ತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಆ ಪಂಪು ನಿಂತುಹೋಗುತ್ತದೆ, ರಕ್ತ ಕಾಲಿನಲ್ಲೇ ಉಳಿಯುತ್ತದೆ, ಮೆದುಳಿಗೆ ಕ್ಷಣಕಾಲ ಕಡಿಮೆಯಾಗುತ್ತದೆ. ನನ್ನ ಕ್ಯಾಲೆಂಡರ್ ಓರೆಯಾದದ್ದಕ್ಕೆ ಕಾರಣ ಇದು. ಏಪ್ರಿಲ್‌ನ ಸೆಕೆಯಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ತುಳಿದರೆ ಇದು ಇನ್ನೂ ಬೇಗ ಆಗುತ್ತದೆ. ಫ್ಯಾನ್ ಹಾಕಿ, ನೀರು ಪಕ್ಕದಲ್ಲಿರಲಿ. ಬೆವರಿಗಾಗಿ ಸ್ವೆಟರ್ ಹಾಕಿಕೊಂಡು ತುಳಿಯುವವರನ್ನು ಕಂಡಿದ್ದೇನೆ. ಅವರು ಇಳಿಸುವುದು ನೀರನ್ನು, ಎರಡು ಚೊಂಬು ಕುಡಿದರೆ ಅದು ವಾಪಸ್.

ಯಾರು ಮೊದಲು ವೈದ್ಯರನ್ನು ಕೇಳಬೇಕು? ಹೃದಯದ ತೊಂದರೆ ಇದ್ದವರು, ರಕ್ತದೊತ್ತಡ ಹಿಡಿತದಲ್ಲಿಲ್ಲದವರು, ಮೆಟ್ಟಿಲು ಹತ್ತಿದಾಗ ಎದೆ ಹಿಡಿದಂತಾಗುವವರು, ಗರ್ಭಿಣಿಯರು, ವರ್ಷಗಟ್ಟಲೆ ಮೈ ಬಗ್ಗಿಸದೆ ನಲವತ್ತು ದಾಟಿದವರು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ ಸಕ್ಕರೆ ಬಹಳ ಇಳಿಯಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ಎಂದು ಹೆಸರಿನ ಕೊನೆಗೆ 'ಲಾಲ್' ಬರುವ ಬಿ.ಪಿ. ಮಾತ್ರೆಗಳು ಹೃದಯ ಬಡಿತವನ್ನೇ ತಡೆಹಿಡಿಯುತ್ತವೆ. ಅಂಥವರಿಗೆ ಮೇಲಿನ ಯಾವ ಬಡಿತದ ಸೂತ್ರವೂ ಕೆಲಸ ಮಾಡುವುದಿಲ್ಲ, ಕಂಡಕ್ಟರನ ಕೂಗೇ ಗತಿ. ತುಳಿಯುವಾಗ ಎದೆ, ದವಡೆ, ಎಡಗೈ ನೋವು ಬಂದರೆ ಅಂದಿನ ವ್ಯಾಯಾಮ ಮುಗಿಯಿತು, ಆಸ್ಪತ್ರೆಯ ದಾರಿ ಹಿಡಿಯಿರಿ.

ಅಪರೂಪವಾದರೂ ಹೇಳಲೇಬೇಕಾದ ಇನ್ನೊಂದು ಅಪಾಯವಿದೆ. ಅಭ್ಯಾಸವಿಲ್ಲದವರು ಮೊದಲ ದಿನವೇ ಸ್ಪಿನ್ ತರಗತಿಯಲ್ಲಿ ಒಂದು ಗಂಟೆ ಮೈಮರೆತು ತುಳಿದು, ತೊಡೆಯ ಸ್ನಾಯುಗಳೇ ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಾರನೆಯ ದಿನದ ಸಾಮಾನ್ಯ ಮೈಕೈ ನೋವಿಗೂ ಇದಕ್ಕೂ ವ್ಯತ್ಯಾಸವಿದೆ: ತೊಡೆ ಊದಿಕೊಂಡು ಮುಟ್ಟಲಾಗದಷ್ಟು ನೋವು, ಮೂತ್ರ ಕಡುಚಹಾದ ಬಣ್ಣ. ಆ ಬಣ್ಣ ಕಂಡರೆ ಕಷಾಯ ಮಾಡುತ್ತ ಕೂರಬಾರದು, ಅಂದೇ ವೈದ್ಯರ ಬಳಿ ಹೋಗಬೇಕು.

ತೂಕದ ಯಂತ್ರದ ಬಗ್ಗೆ ಎರಡು ಮಾತು. ಮೊದಲ ಎರಡು ವಾರದಲ್ಲಿ ನನ್ನ ತೂಕ 600 ಗ್ರಾಂ ಏರಿತ್ತು. ಹೊಸ ಕಸರತ್ತಿಗೆ ಸ್ನಾಯುಗಳು ನೀರು ಹಿಡಿದಿಡುತ್ತವೆ, ಗ್ಲೈಕೊಜೆನ್ ಹೆಚ್ಚಾದರೆ ಅದರ ಜೊತೆಗೂ ನೀರು ಸೇರುತ್ತದೆ. ಹೆದರಿ ಬಿಟ್ಟವರು ಇಲ್ಲೇ ಬಿಡುತ್ತಾರೆ. ವಾರಕ್ಕೊಂದೇ ಸಲ, ಪ್ರತಿ ವಾರವೂ ಅದೇ ದಿನ, ಬೆಳಗ್ಗೆ ಏನೂ ತಿನ್ನುವ ಮೊದಲು ತೂಗಿ. ಅದಕ್ಕಿಂತ ಟೈಲರ್ ಟೇಪ್ ಒಳ್ಳೆಯದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಅಪಾಯದ ಗೆರೆ. ನಾನು 98ರಲ್ಲಿ ಶುರು ಮಾಡಿದೆ, ನಾಲ್ಕು ತಿಂಗಳಿಗೆ 94. ತೂಕ ಇಳಿದದ್ದು ಮೂರೂವರೆ ಕೆ.ಜಿ., ಅದರಲ್ಲಿ ಸೈಕಲ್‌ಗಿಂತ ಬಜ್ಜಿಯ ಪಾಲೇ ದೊಡ್ಡದು. ಸೈಕಲ್‌ನ ಪಾಲು ಕಂಡದ್ದು ಬೇರೆ ಕಡೆ: ಮೂರನೇ ಮಹಡಿಯ ತರಗತಿಗೆ ಹೋಗಿ, ನಿಂತು ಸುಧಾರಿಸಿಕೊಳ್ಳದೆ ಹಾಜರಿ ಕೂಗಲು ಶುರು ಮಾಡಿದ ದಿನ.

ಕಳೆದ ತಿಂಗಳು ಅಕ್ಕ-ಭಾವ ಬಂದಿದ್ದರು. ಭಾವ ಸೈಕಲ್ ಹತ್ತಿ ಕುಳಿತರು. ಸೀಟನ್ನು ಎಂಟನೇ ರಂಧ್ರಕ್ಕೆ ಏರಿಸಿಕೊಟ್ಟೆ. ಐದು ನಿಮಿಷ ಹಗುರವಾಗಿ ತುಳಿಸಿ, "ಈಗ ಅರ್ಧ ನಿಮಿಷ ಸ್ವಲ್ಪ ಜೋರು ಭಾವ, ಊರುಗಳನ್ನು ಹೇಳಿ" ಎಂದೆ. ಅರ್ಧ ನಿಮಿಷ ಮುಗಿಯುವಷ್ಟರಲ್ಲಿ ಹರಿಹರ ಎಂದರು, ಉಸಿರೆಳೆದರು, ರಾಣೆ ಎಂದು ನಿಂತರು. "ನಮ್ಮದು ಹಿರಿಯೂರು, ಶಿರಾದ ಕಡೆಯ ಬಸ್ಸಲ್ಲವೇನಪ್ಪ, ಆ ದಾರಿ ಹೇಳುತ್ತೇನೆ" ಎಂದು ರಾಗ ತೆಗೆದರು. ಆ ದಾರಿಯಲ್ಲೂ ಹಿರಿಯೂರು ದಾಟಲಿಲ್ಲ. ನಿಲ್ಲಿಸಬೇಡಿ ಎಂದು ಹೇಳಿ ಐದು ನಿಮಿಷ ಹಗುರವಾಗಿಯೇ ತುಳಿಸಿ ಇಳಿಸಿದೆ. ಮುಖ ಒರೆಸಿಕೊಂಡು, ಸೀಟಿನ ಕೊಳವೆಯನ್ನು ಬಗ್ಗಿ ನೋಡಿ ಕೇಳಿದರು: "ನಮ್ಮ ಮನೆಯಲ್ಲಿದ್ದಾಗ ಇದು ಇಷ್ಟು ಎತ್ತರ ಬರುತ್ತಿತ್ತೇ?"

"ಬರುತ್ತಿತ್ತು ಭಾವ. ಪಂಚೆ ಅಡ್ಡ ಇತ್ತು."

ಅಕ್ಕ ಅಡುಗೆಮನೆಯಿಂದಲೇ ಕೂಗಿ ಹೇಳಿದಳು, ಅದನ್ನು ವಾಪಸ್ ಕಳಿಸಿದರೆ ಈ ಸಲ ಅವಳ ಸೀರೆಗಳೂ ಸೇರಿಕೊಳ್ಳುತ್ತವಂತೆ. ಸದ್ಯಕ್ಕೆ ಸೈಕಲ್ ಇಲ್ಲೇ ಇದೆ. ಆರನೇ ರಂಧ್ರಕ್ಕೆ ನೀಲಿ ಟೇಪು, ಎಂಟನೆಯದಕ್ಕೆ ಕೆಂಪು.